ಎಂದೂ ಸುಳ್ಳಾಡದವರು, ಮನೆ ಬಿಟ್ಟು ಬಂದ ಗೆಳತಿಯನ್ನು ಉಳಿಸಲು ಸುಳ್ಳು ಹೇಳಬಹುದೇ?

ಹೇಳಬಹುದು. ಹೇಳಲೇಬೇಕು. ಇಷ್ಟಪಟ್ಟವನನ್ನು ಮದುವೆಯಾಗಲು ಬಂದ ಗೆಳತಿಯ ಮನೆಯವರು “ಅವಳು ಎಲ್ಲಿದ್ದಾಳೆ” ಎಂದು ಕೇಳಿಯಾರೆಂದು ನೀವು ಹೆದರುತ್ತಿದ್ದೀರಿ. ಆ ಪ್ರಶ್ನೆಯನ್ನು ನನಗೂ ಒಮ್ಮೆ ಕೇಳಿದ್ದರು. ನಾನು ನಿಜ ಹೇಳಿದೆ.

ಆಗ ರಾಜಾಜಿನಗರದಲ್ಲಿ ಬಾಡಿಗೆಗೆ ಇದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಲು ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟಿದ್ದಳು. 1954ರ ಆ ಕಾಯ್ದೆಯಂತೆ ನೋಟಿಸನ್ನು ವಿವಾಹಾಧಿಕಾರಿಯ ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಿ 30 ದಿನ ಕಾಯಬೇಕು. ಯಾರೋ ಅದನ್ನು ನೋಡಿ ಊರಿಗೆ ಸುದ್ದಿ ಮುಟ್ಟಿಸಿದರು. ಅವಳ ತಂದೆ ಮತ್ತು ಅಣ್ಣ ನನ್ನ ಮನೆಗೆ ಬಂದರು. “ನೀನೂ ನನ್ನ ಮಗಳಿದ್ದ ಹಾಗೆ. ಅವಳು ಎಲ್ಲಿದ್ದಾಳೆ ಹೇಳಮ್ಮ” ಎಂದರು ತಂದೆ. ಹೆಬ್ಬಾಳದ ಪಿ.ಜಿ.ಯ ವಿಳಾಸ ಕೊಟ್ಟೆ. ಅಂದು ಸಂಜೆಯೇ ಅವಳನ್ನು ಕಾರಿಗೆ ಎಳೆದುಕೊಂಡು ಹೋದರು. ಮೊಬೈಲ್ ಕಿತ್ತುಕೊಂಡು, ತಾವು ಗೊತ್ತುಮಾಡಿದ ಗಂಡಿಗೆ ಕೊಟ್ಟು ಮದುವೆ ಮಾಡಿದರು. ಅವಳು ಮತ್ತೆಂದೂ ನನ್ನೊಡನೆ ಮಾತನಾಡಲಿಲ್ಲ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅಲ್ಲೇ ಕಾಲಿಡುತ್ತಿದ್ದೀರಿ. ಅಣ್ಣನ ಮುಖ ನೋಡಿದಾಗಲೇ ಮುಂದೇನಾಗುತ್ತದೆಂದು ನನಗೆ ತಿಳಿದಿತ್ತು. ತಿಳಿದೂ, ನನ್ನ ನಾಲಿಗೆ ಶುದ್ಧವಾಗಿದ್ದರೆ ಸಾಕು, ಅವರು ಮಾಡುವ ಪಾಪ ಅವರಿಗೇ ಎಂದುಕೊಂಡೆ. ಕೊಲೆಗಾರನೇ ಬಾಗಿಲಿಗೆ ಬಂದು ಕೇಳಿದರೂ ಸುಳ್ಳಾಡಬಾರದು, ನಿಜ ನುಡಿದವನ ಮೇಲೆ ಪರಿಣಾಮದ ಹೊಣೆ ಬೀಳುವುದಿಲ್ಲ ಎಂದು ಜರ್ಮನ್ ತತ್ವಜ್ಞಾನಿ ಕಾಂಟ್ 1797ರಲ್ಲಿ ವಾದಿಸಿದ್ದ. ನನಗೂ ಆ ವಾದ ಬಹಳ ಹಿಡಿಸಿತ್ತು. ಹೊಣೆ ನನ್ನ ಮೇಲೆಯೇ ಬಿತ್ತು, ಇಂದಿಗೂ ಇಳಿದಿಲ್ಲ. ವಿಳಾಸ ಗೊತ್ತಿದ್ದದ್ದು ನನಗೊಬ್ಬಳಿಗೆ.

ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನ ಕಥೆ ಹೇಳುತ್ತಾನೆ. ಸತ್ಯವ್ರತಿಯಾದ ಕೌಶಿಕ, ಕಾಡಿನಲ್ಲಿ ಅಡಗಿದ್ದವರ ಜಾಗವನ್ನು ಬೆನ್ನಟ್ಟಿ ಬಂದ ದರೋಡೆಕೋರರಿಗೆ ತೋರಿಸಿದ. ಅಡಗಿದ್ದವರು ಸತ್ತರು, ಕೌಶಿಕ ನರಕಕ್ಕೆ ಹೋದ. ಮೌನದಿಂದ ಪಾರಾಗುವಂತಿದ್ದರೆ ಮೌನವಾಗಿರಬೇಕು, ಮೌನವೇ ಅನುಮಾನ ಹುಟ್ಟಿಸುವಂತಿದ್ದರೆ ಸುಳ್ಳೇ ಲೇಸು ಎಂಬುದು ಅಲ್ಲಿಯ ಮಾತು. ನಾನು ಸುಮ್ಮನಿದ್ದಿದ್ದರೂ ಅಣ್ಣನಿಗೆ ಅರ್ಥವಾಗುತ್ತಿತ್ತು. ಹಾಗಾಗಿ ಅಂದು ಸುಳ್ಳೊಂದೇ ದಾರಿ.

“ಇದರಿಂದ ನನ್ನ ವ್ರತ ಕೆಡುವುದಿಲ್ಲವೇ” ಎಂದು ಕೇಳಿದ್ದೀರಿ. ಈ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಪಾಯದಲ್ಲಿರುವವಳು ಅವಳು, ನೀವು ಲೆಕ್ಕ ಹಾಕುತ್ತಿರುವುದು ನಿಮ್ಮ ಪುಣ್ಯವನ್ನು! ನಿಮ್ಮ ಸ್ವಂತ ಲಾಭಕ್ಕೆ ಸುಳ್ಳು ಬೇಡ, ಬಾಡಿಗೆ ರಸೀದಿಯಲ್ಲೂ ಬೇಡ. ಅಲ್ಲಿ ವ್ರತವನ್ನು ಬಿಗಿಯಾಗಿಯೇ ಹಿಡಿಯಿರಿ.

ವಯಸ್ಕರಿಬ್ಬರು ಒಪ್ಪಿದ ಮದುವೆಗೆ ಕುಟುಂಬದ ಸಮ್ಮತಿ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಸ್ಪಷ್ಟಪಡಿಸಿದೆ. ಮನೆಯವರು ಬಂದರೆ “ಗೊತ್ತಿಲ್ಲ” ಎಂದುಬಿಡಿ. ಅವರು ಮೆಟ್ಟಿಲಿಳಿದ ಕೂಡಲೇ ಗೆಳತಿಗೆ ತಿಳಿಸಿ, ತುರ್ತು ಸಂಖ್ಯೆ 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಕರೆ ಮಾಡಿ. ಪೊಲೀಸರಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿ. ಕಾಣೆಯಾಗಿದ್ದಾಳೆಂದು ಮನೆಯವರು ದೂರು ಕೊಟ್ಟಿದ್ದರೆ, ಸ್ವಇಚ್ಛೆಯಿಂದ ಬಂದಿದ್ದೇನೆ ಎಂದು ಅವಳೇ ಠಾಣೆಯಲ್ಲಿ ಹೇಳಿಕೆ ಕೊಡಲಿ. ಒಬ್ಬಳನ್ನೇ ಕಳುಹಿಸಬೇಡಿ, ವಕೀಲರೊಬ್ಬರನ್ನು ಕರೆದುಕೊಂಡು ನೀವೂ ಹೋಗಿ.