ಫೀಡ್‌ಗೆ ಎಷ್ಟು ಚಂದಾದಾರರಿದ್ದಾರೆ ಅಂತ ತಿಳಿಯುವುದು ಹೇಗೆ?

ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ಧಾರಣೆ ಹಾಕುವ ನಿಮ್ಮ ವೆಬ್‌ಸೈಟಿನ ಆರ್‌ಎಸ್‌ಎಸ್ ಫೀಡ್‌ಗೆ (ಸೈಟಿನಲ್ಲಿ ಹೊಸದಾಗಿ ಹಾಕಿದ್ದನ್ನು ರೀಡರ್ ಆಪ್‌ಗಳಿಗೆ ತಿಳಿಸುವ ಕಡತ) ಎಷ್ಟು ಜನ ಸೇರಿದ್ದಾರೆ ಎಂದು ಕೇಳಿದ್ದೀರಿ. ಪಕ್ಕಾ ಲೆಕ್ಕ ಸಿಗುವುದಿಲ್ಲ, ಒಳ್ಳೆಯ ಅಂದಾಜು ಸಿಗುತ್ತದೆ.

ಫೀಡ್‌ಗೆ ಸೇರುವವರು ನಿಮ್ಮ ಹತ್ತಿರ ಹೆಸರು ಬರೆಸುವುದಿಲ್ಲ ಅಲ್ವಾ? ಅವರ ರೀಡರ್ ಆಪ್ ಆಗಾಗ ಬಂದು ಫೀಡ್ ನೋಡಿಕೊಂಡು ಹೋಗುತ್ತದೆ, ಅಷ್ಟೇ. ಹಾಗಾಗಿ ಸುಮ್ನೆ ಹಿಟ್ (ಫೀಡ್‌ಗೆ ಬಂದ ಪ್ರತಿ ಭೇಟಿ) ಎಣಿಸಬೇಡಿ. ಗಂಟೆಗೊಮ್ಮೆ ಬರುವ ಒಂದೇ ಆಪ್ ದಿನಕ್ಕೆ 24 ಹಿಟ್ ಆಗುತ್ತದೆ.

ಸರ್ವರ್ ಲಾಗ್ (ಸೈಟಿಗೆ ಬಂದ ಪ್ರತಿ ಭೇಟಿಯ ದಾಖಲೆ) ತೆರೆದು ಫೀಡ್ ವಿಳಾಸಕ್ಕೆ ಬಂದ ಸಾಲುಗಳನ್ನಷ್ಟೇ ನೋಡಿ. ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್‌ನಂಥ ಫೀಡ್ ಓದುವ ಸೇವೆಗಳು ತಮ್ಮ ಎಲ್ಲ ಬಳಕೆದಾರರ ಪರವಾಗಿ ಒಂದೇ ಸಲ ಫೀಡ್ ತರಿಸಿಕೊಳ್ಳುತ್ತವೆ. ಆದರೆ ಎಷ್ಟು ಚಂದಾದಾರರಿದ್ದಾರೆ ಎಂಬುದನ್ನು ಯೂಸರ್ ಏಜೆಂಟ್ (ಬಂದ ಆಪ್ ತನ್ನ ಹೆಸರು ಹೇಳಿಕೊಳ್ಳುವ) ಸಾಲಿನಲ್ಲೇ ಬರೆದಿರುತ್ತವೆ. ನನ್ನ ಪ್ರಕಾರ ಜಾಸ್ತಿ ನಂಬಬಹುದಾದ ಅಂಕಿ ಇದೇ. ಪ್ರತಿ ಸೇವೆಯ ತೀರಾ ಈಚಿನ ಅಂಕಿಯನ್ನು ಒಮ್ಮೆ ಮಾತ್ರ ತೆಗೆದುಕೊಂಡು ಕೂಡಿಸಿ. ಆರ್‌ಎಸ್‌ಎಸ್, ಆಟಮ್ (ಇನ್ನೊಂದು ಬಗೆಯ ಫೀಡ್) ಎರಡೂ ಇದ್ದರೆ ಎರಡರ ಲೆಕ್ಕವೂ ಬೇರೆಬೇರೆ, ಮರೆಯಬೇಡಿ.

ಇನ್ನು ಸ್ವಂತ ಫೋನು, ಕಂಪ್ಯೂಟರಿನಿಂದಲೇ ಫೀಡ್ ತರಿಸುವವರು. ಒಂದು ದಿನದಲ್ಲಿ ಒಂದೇ ಐಪಿ (ಇಂಟರ್ನೆಟ್ ವಿಳಾಸ), ಒಂದೇ ಯೂಸರ್ ಏಜೆಂಟ್ ಇದ್ದರೆ ಒಬ್ಬರೆಂದು ಹಿಡಿಯಿರಿ. ಮೊಬೈಲ್ ನೆಟ್‌ವರ್ಕಿನಲ್ಲಿ ಹಲವರಿಗೆ ಒಂದೇ ಐಪಿ ಇರಬಹುದು, ಒಬ್ಬರದೇ ಐಪಿ ಬದಲಾಗಲೂಬಹುದು. ಈ ಭಾಗ ಸ್ವಲ್ಪ ಆಚೀಚೆ ಆಗುತ್ತದೆ. ಗೂಗಲ್‌ಬಾಟ್‌ನಂಥ ಬಾಟ್‌ಗಳನ್ನು (ತಾವಾಗೇ ಸೈಟುಗಳನ್ನು ನೋಡಿಕೊಂಡು ಹೋಗುವ ಪ್ರೋಗ್ರಾಂಗಳು) ಮಾತ್ರ ಮೊದಲೇ ತೆಗೆದುಬಿಡಿ.