ಚಾದರದ ಜಾಕೀಟು: ಎದೆಯ ಹೂವು ಎದುರುಬದುರು ಕೂಡಬೇಕಾದರೆ

ಅಕ್ಕಾರ, ಸೊಲ್ಲಾಪುರಿ ಚಾದರದ ಜಾಕೀಟಿನಲ್ಲಿ ಎದೆಯ ಎರಡೂ ಕಡೆಯ ಹೂವು ಮೇಲೆ-ಕೆಳಗಾಗಿದೆ, ಅಂಚು ಎಳೆ ಬಿಡುತ್ತಿದೆ ಎಂದು ಕೇಳಿದ್ದೀರಿ. ಬಹುಶಃ ಚಾದರ ಮಡಚಿ ಎರಡೂ ಭಾಗ ಒಟ್ಟಿಗೆ ಕತ್ತರಿಸಿದ್ದೀರಿ. ಇಷ್ಟು ದಪ್ಪ ಬಟ್ಟೆಯಲ್ಲಿ ಕೆಳಪದರ ಜರುಗಿಯೇ ಜರುಗುತ್ತದೆ. ಒಂದೇ ಪದರ ಹಾಸಿ ಬಲಭಾಗ ಕತ್ತರಿಸಿರಿ. ಅದನ್ನೇ ಉಳಿದ ಚಾದರದ ಮೇಲೆ ಬೋರಲು ಹಾಕಿ, ಹೂವಿನ ಮೇಲೆ ಹೂವು ಕೂಡಿಸಿ, ಸುತ್ತಲೂ ಚಾಕಿನ ಗೆರೆ ಎಳೆದು ಎಡಭಾಗ ತೆಗೆಯಿರಿ. ಇದಕ್ಕೆ ಬಟ್ಟೆ ಹೆಚ್ಚು ಬೇಕು, ಉಳಿಸಲು ಹೋದರೆ ಹೂವು ಕೂಡುವುದಿಲ್ಲ.

ಹೊಲಿಗೆಗೆ ಮುಕ್ಕಾಲು ಇಂಚು ಬಿಡಿ, ಕತ್ತರಿಸಿದ ಕೂಡಲೇ ಎಳೆ ಬಿಡದಂತೆ ಅಂಚಿಗೆ ಓವರ್‌ಲಾಕ್ ಹೊಲಿಗೆ ಹಾಕಿಸಿ. ಸೂಜಿ 16ನೇ ನಂಬರು, ಹೊಲಿಗೆಯ ಉದ್ದ 3.5 ಮಿ.ಮೀ. ಜಾಕೀಟಿನ ಮುಂಭಾಗದ ಅಂಚು ಮಡಚಬೇಡಿ, ಉಬ್ಬುತ್ತದೆ. ಗುಳೇದಗುಡ್ಡ ಖಣದ (ಕುಪ್ಪಸದ ಬಟ್ಟೆ) 2 ಇಂಚಿನ ಕ್ರಾಸ್ ಪಟ್ಟಿ, ಅಂದರೆ ಓರೆಯಾಗಿ ಕತ್ತರಿಸಿದ ಪಟ್ಟಿ, ಅಂಚಿಗೆ ಕಟ್ಟಿರಿ. ಚಾದರದ ಹಿಂಬದಿಯಲ್ಲಿ ಬಣ್ಣ ಅದಲುಬದಲಾಗಿರುತ್ತದಲ್ಲ, ಕಾಲರಿಗೆ ಆ ಮಗ್ಗುಲನ್ನೇ ಹೊರಗೆ ಮಾಡಿ ನೋಡ್ರಿ.