ನೈವಾಷಾಕ್ಕೆ ಹೊರಟಿರುವ ತಮಗೆ

ದೊಡ್ಡಬಳ್ಳಾಪುರದ ಗುಲಾಬಿ ಪಾಲಿಹೌಸ್‌ಗಳಲ್ಲಿ ದುಡಿದಿರುವ ತಮಗೆ ಕೀನ್ಯಾದ ನೈವಾಷಾದ ಹೂತೋಟದಲ್ಲಿ ಔಷಧ ಸಿಂಪಡಣೆಯ ಮೇಲ್ವಿಚಾರಕರ ಹುದ್ದೆ ಸಿಕ್ಕಿದೆಯೆಂದೂ, ಅಲ್ಲಿನ ಊಟ, ನೀರು, ಮಲೇರಿಯಾ ಹೇಗೆಂದೂ, ಕಾರ್ಮಿಕರ ಆರೋಗ್ಯದ ಹೊಣೆ ನಿಜಕ್ಕೂ ತಮ್ಮ ತಲೆಗೆ ಬರುತ್ತದೆಯೇ ಎಂದೂ ಕೇಳಿದ್ದೀರಿ. ಕೊನೆಯದಕ್ಕೆ ಉತ್ತರ, ಬರುತ್ತದೆ. ಕಾಗದದ ಮೇಲೆ ಬರೆದಿರುವುದಕ್ಕಿಂತ ಹೆಚ್ಚಾಗಿಯೇ ಬರುತ್ತದೆ.

ಊಟದ ಚಿಂತೆ ಬೇಡ. ತೊಗರಿಬೇಳೆ, ಹುಣಸೆಹಣ್ಣು ನೈರೋಬಿಯಲ್ಲಿ ಸಿಗುತ್ತವೆ, ಮೆಕ್ಕೆಜೋಳದ ಹಿಟ್ಟಿನ ಉಗಾಲಿಯನ್ನು ನಮ್ಮ ಮುದ್ದೆಯ ದಾಯಾದಿಯೆಂದು ಒಪ್ಪಿಕೊಂಡರೆ ಗಂಟಲಲ್ಲಿ ಇಳಿಯುತ್ತದೆ; ಬಸ್ಸಾರಿನ ಆಸೆಯನ್ನು ಮಾತ್ರ ರಜೆಗೆ ಇಟ್ಟುಕೊಳ್ಳಿ. ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡು, ಪ್ರಮಾಣಪತ್ರವನ್ನು ಪಾಸ್‌ಪೋರ್ಟಿನೊಳಗೇ ಇಡಿ. ಅದಿಲ್ಲದೆ ಅಲ್ಲಿಂದ ಭಾರತಕ್ಕೆ ಬಂದಿಳಿದವರನ್ನು ನಮ್ಮ ವಿಮಾನ ನಿಲ್ದಾಣದಲ್ಲಿಯೇ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು, ಮನೆಯಲ್ಲಿ ಹಿರಿಯರಿಗೆ ಹುಷಾರಿಲ್ಲವೆಂದು ಓಡಿಬರುವ ದಿನ ಅದೆಷ್ಟು ಸಂಕಟವೆಂದು ತಮಗೆ ಹೇಳಬೇಕಿಲ್ಲ.

ನೈವಾಷಾ ಸಮುದ್ರಮಟ್ಟದಿಂದ ಸುಮಾರು 1,880 ಮೀಟರ್ ಎತ್ತರದಲ್ಲಿರುವುದರಿಂದ ಮಲೇರಿಯಾ ಅಲ್ಲಿ ಹುಟ್ಟುವುದಕ್ಕಿಂತ ಹೊರಗಿನಿಂದ ಬರುವುದೇ ಹೆಚ್ಚು. ಕಾರ್ಮಿಕರಲ್ಲಿ ಬಹಳ ಮಂದಿ ಮಲೇರಿಯಾ ಹೆಚ್ಚಿರುವ ವಿಕ್ಟೋರಿಯಾ ಸರೋವರದ ಕಡೆಯವರು. ಕ್ರಿಸ್‌ಮಸ್‌ಗೆ ಊರಿಗೆ ಹೋಗಿ ಜನವರಿಯಲ್ಲಿ ಮರಳುವಾಗ ಕೆಲವರು ಜ್ವರವನ್ನೂ ಹೊತ್ತು ತರುತ್ತಾರೆ. ನಾನು ಅಲ್ಲಿಗೆ ತಲುಪಿದ್ದೂ ಜನವರಿಯಲ್ಲಿಯೇ, ಪ್ರೇಮಿಗಳ ದಿನದ ಹೂವಿಗೆ ಯುರೋಪ್ ಕಾಯುತ್ತಿದ್ದ ಹೊತ್ತಿನಲ್ಲಿ. ಆ ಒತ್ತಡದಲ್ಲಿ ಮೈ ಬಿಸಿಯಿದ್ದವರು ನೋವಿನ ಮಾತ್ರೆ ನುಂಗಿ ಸಾಲಿಗೆ ನಿಲ್ಲುವುದನ್ನು ಕಂಡರೆ ಮೊದಲು ರಕ್ತ ಪರೀಕ್ಷೆಗೆ ಕಳುಹಿಸಿ.

ನೀರಿನ ವಿಷಯದಲ್ಲಿ ಪಾವಗಡ, ಮುಂಡರಗಿಯಲ್ಲಿ ಫ್ಲೋರೈಡಿನಿಂದ ಕಲೆಗಟ್ಟಿದ ಹಲ್ಲುಗಳನ್ನು ನೋಡಿದವರಿಗೆ ಅರ್ಧ ಮಾತು ಸಾಕು. ನೈವಾಷಾ ಇರುವ ರಿಫ್ಟ್ ಕಣಿವೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಅನೇಕ ಕಡೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಕುದಿಸಿದರೆ ಕಾಲರಾ, ಟೈಫಾಯ್ಡ್ ಭಯ ಹೋಗುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ನಕುರುವಿನ ಕ್ಯಾಥೊಲಿಕ್ ಧರ್ಮಪ್ರಾಂತ್ಯವು ಫ್ಲೋರೈಡ್ ತೆಗೆಯುವ ಮೂಳೆ ಇದ್ದಿಲಿನ ಫಿಲ್ಟರುಗಳನ್ನು ಬಳಕೆಗೆ ತಂದಿದೆ. ಮೂಳೆಯೆಂಬ ಮಾತಿಗೇ ನಮ್ಮ ಮನೆಯವರು ಮೂಗು ಮುರಿದರು, ತಮ್ಮ ಮನೆಯವರೂ ಮುರಿಯಬಹುದು. ಹಾಗಿದ್ದರೆ ಮಳೆನೀರು ಹಿಡಿಯಿರಿ. ಹಲ್ಲು ಬಲಿಯುವ ವಯಸ್ಸಿನ ಮಕ್ಕಳಿಗಂತೂ ಕೊಳವೆಬಾವಿಯ ನೀರನ್ನು ಪರೀಕ್ಷಿಸದೆ ಕುಡಿಸಬೇಡಿ.

ಇನ್ನು ತಮ್ಮ ಕೆಲಸದ ವಿಷಯ. ಸಿಂಪಡಿಸಿದ ಗ್ರೀನ್‌ಹೌಸಿನ ಬಾಗಿಲಿಗೆ ಎಚ್ಚರಿಕೆಯ ಫಲಕ ಹಾಕುವುದು, ನಿಗದಿತ ಗಂಟೆಗಳು ಕಳೆಯುವವರೆಗೆ ಕೊಯ್ಲಿನ ಹೆಂಗಸರನ್ನು ಒಳಗೆ ಬಿಡದಿರುವುದು, ಮೇಲುಡುಪನ್ನು ಮನೆಗೆ ಒಯ್ಯದೆ ತೋಟದಲ್ಲಿಯೇ ಒಗೆಯುವುದು, ಇವೆಲ್ಲ ದೊಡ್ಡಬಳ್ಳಾಪುರದಲ್ಲಿ ಕಲಿತವೇ. ಸಿಂಪಡಣೆಯಾದ ಮೇಲೆ ಹಾಲು ಕುಡಿದರೆ ವಿಷ ಇಳಿಯುತ್ತದೆಂಬ ತಪ್ಪು ನಂಬಿಕೆಯೂ ಅಲ್ಲಿದೆ, ಅದಕ್ಕೂ ತಾವು ಹೊಸಬರಲ್ಲ.

ನನಗೆ ಕಷ್ಟದಿಂದ ತಿಳಿದದ್ದು ಬೇರೆ. ಆರ್ಗನೊಫಾಸ್ಫೇಟ್, ಕಾರ್ಬಮೇಟ್ ಗುಂಪಿನ ಕೀಟನಾಶಕಗಳು ನರಗಳ ಕೆಲಸಕ್ಕೆ ಬೇಕಾದ, ರಕ್ತದಲ್ಲಿ ಅಳೆಯಬಹುದಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕುಗ್ಗಿಸುತ್ತವೆ. ಆದ್ದರಿಂದ ಸಿಂಪಡಿಸುವವರ ರಕ್ತವನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಸಿಂಪಡಣೆಗೆ ಮುನ್ನ ಇದ್ದ ಅವರದೇ ಮೂಲ ಮಟ್ಟಕ್ಕಿಂತ ಬಹಳ ಇಳಿದಿದ್ದರೆ ಬೇರೆ ಕೆಲಸಕ್ಕೆ ಹಾಕುತ್ತಾರೆ. ನಿಯಮ ಸರಿಯೇ. ಆದರೆ ನಾನಿದ್ದ ತೋಟದಲ್ಲಿ ಬೇರೆ ಕೆಲಸಕ್ಕೆ ಹೋದವನಿಗೆ ಸಿಂಪಡಣೆಯ ಭತ್ಯೆ ಅಂದಿನಿಂದಲೇ ನಿಂತುಬಿಡುತ್ತಿತ್ತು. ಎರಡು ಮಕ್ಕಳ ಶಾಲೆಯ ಶುಲ್ಕವನ್ನು ಆ ಭತ್ಯೆಯಿಂದಲೇ ಕಟ್ಟುತ್ತಿದ್ದ, ತಂಡದಲ್ಲೇ ಅತ್ಯಂತ ಅಚ್ಚುಕಟ್ಟಾಗಿ ಮುಖವಾಡ ತೊಡುತ್ತಿದ್ದ ಒಬ್ಬಾತ, ರಕ್ತ ತೆಗೆಯುವ ದಿನ ಬಂದಾಗಲೆಲ್ಲ ಊರಿನಲ್ಲಿ ಯಾರನ್ನೋ ಮಣ್ಣು ಮಾಡಲು ಹೋಗಬೇಕೆಂದು ರಜೆ ಕೇಳುತ್ತಿದ್ದ. ಸಾವಿನ ಮನೆಗೆ ಬೇಡವೆನ್ನುವುದು ಅಲ್ಲಿಯೂ ಸಲ್ಲದು, ನಮ್ಮಲ್ಲಿಯೂ ಸಲ್ಲದು. ಒಂದು ಮಧ್ಯಾಹ್ನ ಅವನು ಬೆವರಿ, ಜೊಲ್ಲು ಸುರಿಸುತ್ತಾ, ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ಕುಸಿದ. ಆಸ್ಪತ್ರೆಯಲ್ಲಿ ಈ ವಿಷಕ್ಕೆ ಮದ್ದಾದ ಅಟ್ರೊಪಿನ್ ಕೊಟ್ಟು ಉಳಿಸಿದರು. ಕೆಲಸಕ್ಕೆ ಮಾತ್ರ ಅವನು ಮತ್ತೆ ಬರಲಿಲ್ಲ, ತಂಡದಲ್ಲಿ ಇನ್ನೆಷ್ಟು ಮಂದಿ ಹಾಗೆಯೇ ತಪ್ಪಿಸಿಕೊಳ್ಳುತ್ತಿದ್ದರೆಂಬುದು ಆಮೇಲೆ ಬೆಳಕಿಗೆ ಬಂತು. ಕೂಲಿ ಕಡಿತಕ್ಕೆ ಅಂಜುವವನಿಗೆ ಆರೋಗ್ಯ ಪರೀಕ್ಷೆಯೂ ಶಿಕ್ಷೆಯಾಗಿಯೇ ಕಾಣುತ್ತದೆಂದು ಯಾವ ತರಬೇತಿಯೂ ನನಗೆ ಹೇಳಿರಲಿಲ್ಲ, ಮತ್ತು ಅವನ ಮಕ್ಕಳ ಶಾಲೆ ಏನಾಯಿತೆಂದು ಇಂದಿಗೂ ಯೋಚಿಸುತ್ತೇನೆ.

ಹಾಗಾಗಿ ಸಹಿ ಹಾಕುವ ಮುನ್ನ ಒಂದು ಮಾತು ಕೇಳಿ: ಪರೀಕ್ಷೆಯಲ್ಲಿ ಮಟ್ಟ ಇಳಿದವನಿಗೆ ಭತ್ಯೆ ಮುಂದುವರಿಯುತ್ತದೆಯೇ? ಇಲ್ಲವೆಂದರೆ ಹೋಗಬೇಡಿ ಎನ್ನಲಾರೆ, ಸಂಬಳದ ಅಗತ್ಯ ನನಗೂ ಗೊತ್ತು. ಆದರೆ 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸುರಕ್ಷತೆ ಮತ್ತು ಆರೋಗ್ಯ ಸಮಿತಿ ಇರಬೇಕೆಂದು ಕೀನ್ಯಾದ 2007ರ ಕಾಯ್ದೆ ಹೇಳುತ್ತದೆ, ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಇರುತ್ತಾರೆ. ಈ ಪ್ರಶ್ನೆಯನ್ನು ಅಲ್ಲಿ ಅವರ ಬಾಯಿಂದಲೇ ಎತ್ತಿಸಿ, ಹೊರಗಿನಿಂದ ಬಂದ ನಾವು ಎತ್ತಿದರೆ ಅದಕ್ಕೆ ಬೇರೆಯೇ ಬಣ್ಣ ಬರುತ್ತದೆ. ತಾವೂ ಗ್ರೀನ್‌ಹೌಸಿನೊಳಗೆ ಕಾಲಿಡುವ ಮೊದಲೇ ತಮ್ಮ ರಕ್ತದ ಮೂಲ ಮಟ್ಟವನ್ನು ಬರೆಸಿಟ್ಟುಕೊಳ್ಳಿ, ಕೆಲಸ ಶುರುವಾದ ಮೇಲೆ ಆ ಅಂಕಿ ಸಿಗುವುದಿಲ್ಲ.